ಹೊಗೆಯ ವಿಸ್ಕಿಯೂ ನನ್ನ ಸಾಕ್ಷಿಯೂ

ನಮ್ಮ ಮನೆಯ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದು ಪುಟ್ಟ ಗಾಜಿನ ಲೋಟವಿದೆ. ಹೊಟ್ಟೆ ದಪ್ಪ, ಬಾಯಿ ಕಿರಿದು, ಕಾಲು ಗಿಡ್ಡ. ನನ್ನ ಹೆಂಡತಿ ಅದರಲ್ಲಿ ಸೇಫ್ಟಿ ಪಿನ್ನು ಇಡುತ್ತಾಳೆ. ಎಷ್ಟೋ ವರ್ಷಗಳಿಂದ ಅದು ಪಿನ್ನಿನ ಲೋಟ. ತನ್ನ ಪೂರ್ವಾಶ್ರಮ ಅದಕ್ಕೇ ಮರೆತುಹೋಗಿರಬೇಕು. ಹೋದ ತಿಂಗಳು ಪಕ್ಕದ ಮನೆಯ ನಿವೃತ್ತ ಬ್ಯಾಂಕಿನವರು ಎಲ್ಲೋ ಲಗ್ನಕ್ಕೆ ಹೊರಟಿದ್ದರು. ಕೋಟಿನ ಗುಂಡಿ ಕಿತ್ತುಹೋಯಿತೆಂದು ಪಿನ್ನು ಕೇಳಲು ಬಂದವರು, ಪಿನ್ನುಗಳನ್ನೆಲ್ಲ ಹಲಗೆಯ ಮೇಲೆ ಸುರುವಿ, ಲೋಟವನ್ನು ಬೆಳಕಿಗೆ ಹಿಡಿದು ನಿಂತುಬಿಟ್ಟರು.

"ಏನ್ರೀ ಇದು! ವಿಸ್ಕಿ ಮೂಸಿ ನೋಡೋ ಗ್ಲಾಸ್ ಅಲ್ಲೇನ್ರೀ? ಇಷ್ಟ ದಿನ ಬಾಯಿ ಬಿಡಲಿಲ್ಲ ನೀವು. ಒಳಗೊಳಗ ಭಾರಿ ರಸಿಕರು ಬಿಡ್ರಿ."

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಯಾವುದು ಒಳ್ಳೆಯದು, ನೀರು ಎಷ್ಟು ಹಾಕಬೇಕು, ಹೊಗೆಯ ವಾಸನೆಯದನ್ನು ಜನ ಯಾಕೆ ಮೆಚ್ಚುತ್ತಾರೆ ಎಂದು ವಾಕಿಂಗಿನಲ್ಲಿ, ಹಾಲಿನ ಅಂಗಡಿಯಲ್ಲಿ, ಒಮ್ಮೆಯಂತೂ ದಂತವೈದ್ಯರ ಬಾಗಿಲಲ್ಲಿ ಕೇಳಿದರು. ನನಗೆ ಗೊತ್ತಿಲ್ಲ ಎಂದರೆ ವಿನಯ ಎನ್ನುತ್ತಾರೆ. ಗೊತ್ತಿದೆ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಗೊತ್ತಿತ್ತು, ಆ ಸ್ವಲ್ಪದಿಂದಲೇ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬಿತ್ತು ಎಂದರೆ ಕೇಳಿಸಿಕೊಳ್ಳುವ ವ್ಯವಧಾನ ಅವರಿಗಿಲ್ಲ. ನಿಮಗೆ ಇರಬಹುದೆಂದು ಹೇಳುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ದಿನಗಳು. ನಾನು ದಾಂಡೇಲಿಯ ಕಾಗದದ ಗಿರಣಿಯಲ್ಲಿ, ಪ್ರಯೋಗಶಾಲೆಯಲ್ಲಿ ಇದ್ದೆ. ಬೆಂದ ಬಿದಿರಿನ ತಿರುಳನ್ನು ಹಿಂಡಿ, ತೂಗಿ, ಒಣಗಿಸಿ, ಬಂದ ಅಂಕಿಯನ್ನು ವಹಿಯಲ್ಲಿ ಬರೆಯುವುದು ನನ್ನ ಕೆಲಸ. ಇಂಥ ಕೆಲಸಕ್ಕೆ ನಾನು ಹುಟ್ಟಿನಿಂದಲೇ ತಯಾರಾಗಿದ್ದೆ. ಧಾರವಾಡದಲ್ಲಿ ನನ್ನ ತಂದೆ ಶಾಲಾ ಮಾಸ್ತರು. ಒಮ್ಮೆ ಬೆಕ್ಕು ಹಾಲು ಕುಡಿದಾಗ, "ಅಡಗಿ ಮನ್ಯಾಗ ಬೆಕ್ಕಿತ್ತೇನೋ?" ಎಂದು ಕೇಳಿದರು. "ನಾ ನೋಡಿದಾಗ ಇರಲಿಲ್ಲ. ನಾ ನೋಡೂಕಿಂತ ಮೊದಲಿಂದು ಹೇಳಾಕ ಬರೂದಿಲ್ಲ" ಎಂದೆ. ಆಗ ನನಗೆ ಏಳು ವರ್ಷ. ತಂದೆ ಈ ಉತ್ತರವನ್ನು ಬಂದವರಿಗೆಲ್ಲ ಹೇಳಿ ಹಿಗ್ಗಿದರು. ಆಗಲೇ ಒಂದು ಏಟು ಹಾಕಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಆ ವರ್ಷ ಗಿರಣಿಗೆ ಹೊಸ ಯಂತ್ರ ಜೋಡಿಸಲು ಸ್ಕಾಟ್ಲೆಂಡಿನಿಂದ ಒಬ್ಬ ಎಂಜಿನಿಯರ್ ಬಂದ. ಹೆಸರು ಮರ್ರೇ, ಊರವರ ಬಾಯಲ್ಲಿ ಮುರಾರಿ ಸಾಹೇಬ. ಗಿರಣಿಯ ಅತಿಥಿಗೃಹದಲ್ಲಿ ಜಾಗವಿಲ್ಲದ್ದರಿಂದ ಅವನನ್ನು ಹಳಿಯಾಳದ ಒಬ್ಬ ಬಿದಿರು ಕಂತ್ರಾಟುದಾರರಿಗೆ ದಾಂಡೇಲಿಯಲ್ಲಿದ್ದ ಬಂಗಲೆಯಲ್ಲಿ ಇಳಿಸಿದರು. ಈ ಕಂತ್ರಾಟುದಾರರನ್ನು ಎಲ್ಲರೂ ಸಾವಕಾರ್ರು ಎನ್ನುತ್ತಿದ್ದರು. ಸಂಜೆ ಅವನ ಜೊತೆ ಇಂಗ್ಲಿಷ್ ಮಾತಾಡಲು ಯಾರಾದರೂ ಬೇಕಲ್ಲ, ನನ್ನನ್ನು ಕಳಿಸಿದರು. ನಮ್ಮ ಮೇಲಧಿಕಾರಿಗಳು ಕೊಟ್ಟ ಕಾರಣ ಕೇಳಿ: "ನೀವು ದಿನಾ ತಿರುಳು ಮೂಸತೀರಿ. ಅವನು ದಿನಾ ವಿಸ್ಕಿ ಮೂಸತಾನ. ಜೋಡಿ ಛಲೋ ಆಗತೈತಿ."

ನಾನು ಅಲ್ಲಿಯತನಕ ಒಂದು ಹನಿ ಮುಟ್ಟಿದವನಲ್ಲ. ಮುರಾರಿ ಸಾಹೇಬ ಒಂದು ಟ್ರಂಕಿನ ತುಂಬ ಬಗೆಬಗೆಯ ಬಾಟಲಿ ತಂದಿದ್ದ. ಮೂರು ಗಾಜಿನಲ್ಲಿ ಮೂರು ಬಗೆ ಸುರಿದು, ಕಣ್ಣರಳಿಸಿ, ಹೇಳು ಎನ್ನುವನು. ನಾನು ಮೂಸಿ, ಗುಟುಕರಿಸಿ, ಕೆಮ್ಮಿ, "ಗುಡ್" ಎನ್ನುವೆ. ಎರಡನೆಯದಕ್ಕೂ ಗುಡ್. ಮೂರನೆಯದಕ್ಕೂ ಗುಡ್. ಅವನು ಹಲ್ಲುನೋವು ಬಂದವನಂತೆ ಕಣ್ಣು ಮುಚ್ಚಿಕೊಳ್ಳುವನು. ಮತ್ತೆ ಅರ್ಧ ಗಂಟೆ ಉಪದೇಶ. ಅವನ ಇಂಗ್ಲಿಷಿನಲ್ಲಿ ನನಗೆ ತಿಳಿಯುತ್ತಿದ್ದುದು 'ಅಗೇನ್' ಎಂಬ ಒಂದೇ ಮಾತು. ಅದರ ಅರ್ಥ ಮತ್ತೆ ಕುಡಿ ಎಂದು.

ಇದರ ಜೊತೆಗೆ ದಾಂಡೇಲಿಯ ಗಾಳಿ. ಬಿದಿರು ಬೇಯಿಸುವಾಗ ಏಳುವ ಆ ಕೊಳೆತ ಕೋಸಿನ ವಾಸನೆಯನ್ನು ನಾವು ಅಲ್ಲಿದ್ದವರು ಮರೆತೇಬಿಟ್ಟಿದ್ದೆವು. ಹೊಸಬರು ಬಸ್ಸಿಳಿದು ಮೂಗು ಮುಚ್ಚಿಕೊಂಡಾಗಲೇ ನೆನಪಾಗುತ್ತಿತ್ತು. ಆ ಗಾಳಿಯಲ್ಲಿ ಸಾಹೇಬನ ಹದಿನೆಂಟು ವರ್ಷದ ವಿಸ್ಕಿಯೂ ಒಂದೇ, ನಮ್ಮ ಕಾಕಂಬಿಯ ವಿಸ್ಕಿಯೂ ಒಂದೇ. ಸಾಹೇಬ ರೇಗಿದ. ಅವನು ರೇಗಿದರೆ ನನಗೂ ರೇಗುತ್ತಿತ್ತು, ಆದರೆ ನನಗೆ ರೇಗುವ ಅಧಿಕಾರವಿರಲಿಲ್ಲ.

ದಾರಿ ತೋರಿಸಿದವನು ಇನಾಸ. ಇನಾಸ ಆ ಬಂಗಲೆಯ ಅಡುಗೆಯವ, ಕಾವಲುಗಾರ, ಎಲ್ಲವೂ. ಹಳಿಯಾಳದಾಚೆಯ ಒಂದು ಹಳ್ಳಿಯ ಸಿದ್ದಿ, ಕ್ರಿಶ್ಚಿಯನ್. ನಮ್ಮೊಡನೆ ಕನ್ನಡ, ಮನೆಯಲ್ಲಿ ಕೊಂಕಣಿ. ಹರೆಯದಲ್ಲಿ ಮಡಗಾಂವಿನ ಒಂದು ಹೆಂಡದಂಗಡಿಯಲ್ಲಿ ಹದಿನೈದು ವರ್ಷ ದುಡಿದಿದ್ದ. ಫೆಣಿಯನ್ನು ಅಂಗೈಗೆ ತಿಕ್ಕಿ, ಮೂಸಿ, ಇದು ಮೊದಲ ಬಟ್ಟಿಯದು, ಇದಕ್ಕೆ ನೀರು ಬಿದ್ದಿದೆ ಎಂದು ಹೇಳುವುದು ಅಲ್ಲಿ ಅವನ ಕೆಲಸವಾಗಿತ್ತಂತೆ.

"ಲ್ಯಾಬ್ ಸಾಯೇಬ್ರ," ಎಂದ ಒಂದು ದಿನ, "ಈ ಊರಾಗ ಕುಂತು ಮೂಸೂದಂದ್ರ ತಿಪ್ಪಿ ಮ್ಯಾಲ ಕುಂತು ಊದಬತ್ತಿ ಮೂಸಿದಂಗ. ಕುಳಗಿಗೆ ಹೋಗೂಣು ನಡೀರಿ."

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಸಾಹೇಬನ ಜೀಪಿನಲ್ಲಿ ಕುಳಗಿಯ ಕಾಡಿನ ಕಡೆ ಹೋಗಿ, ಅರಣ್ಯ ಇಲಾಖೆಯ ಕ್ಯಾಂಪಿನ ಈಚೆ ಒಂದು ಹಳ್ಳದ ಬಂಡೆಯ ಮೇಲೆ ಕೂಡುವುದು. ಇನಾಸ ಹಳ್ಳದ ನೀರನ್ನು ಸೋಡಾ ಬಾಟಲಿಯಲ್ಲಿ ತುಂಬಿ ತರುವನು. ಕಾಲನಿಯ ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ. ಅವನ ನಿಯಮಗಳೋ, ಹೇಳಿ ಮುಗಿಯವು. ಶನಿವಾರ ರಾತ್ರಿಯಿಂದ ಬೆಳ್ಳುಳ್ಳಿ ಚಟ್ನಿ ಇಲ್ಲ, ಎಲೆ ಅಡಿಕೆ ಇಲ್ಲ, ಮುಂಜಾನೆ ಸೋಪು ಹಚ್ಚುವಂತಿಲ್ಲ. ಹೆಂಡತಿ ಸಿಡಿಮಿಡಿಗೊಂಡಳು. "ಕುಡ್ಯಾಕ ಉಪಾಸ ಬ್ಯಾರೆ! ಶಿವರಾತ್ರಿಗಾದ್ರೂ ಇಷ್ಟು ಮಾಡೀರೇನು ನೀವು?"

ಬಂಡೆಯ ಮೇಲೆ ಕೂತರೂ ನನಗೆ ಏನೂ ತಿಳಿಯಲಿಲ್ಲ. "ಗಡಬಡಿ ಮಾಡಬ್ಯಾಡ್ರಿ. ಬಾಯಿ ಒಂಚೂರು ತಗದ ಇಡ್ರಿ, ಆಮ್ಯಾಲೆ ಮೂಸ್ರಿ. ಅಯ್ಯ, ಅಷ್ಟಲ್ರೀ, ದಂತದ ಡಾಕ್ಟರ ಮುಂದ ಕುಂತಂಗ ತಗೀಬ್ಯಾಡ್ರಿ!" ಸಾಹೇಬ ಇಂಗ್ಲಿಷಿನಲ್ಲಿ ಬಯ್ದರೆ ಇನಾಸ ಕನ್ನಡದಲ್ಲಿ. ನಾನು ನಡುವೆ, ಬಾಯಿ ತೆರೆದುಕೊಂಡು.

ನಾಲ್ಕನೆಯ ಭಾನುವಾರವಿರಬೇಕು. ಅಮೆರಿಕದ ಒಂದು ಬಾಟಲಿ. ಸಾಹೇಬ ಓಕ್ ಮರದ ಪೀಪಾಯಿ, ಅದನ್ನು ಒಳಗೆ ಸುಡುತ್ತಾರೆ ಎಂದು ಏನೇನೋ ಹೇಳುತ್ತಿದ್ದ. ಇನಾಸ ನನ್ನ ಕಡೆ ಬಾಗಿ, "ನಿಮ್ಮೂರ ಪೇಡೆ ನೆನಸ್ಕೋರಿ" ಎಂದ. ಅಷ್ಟೇ. ಚಿಕ್ಕಂದಿನಲ್ಲಿ ಓಣಿಯ ತುದಿಯಲ್ಲಿ ಪೇಡೆ ಮಾಡುವವರು ದೊಡ್ಡ ಕಡಾಯಿಯಲ್ಲಿ ಖವೆ ತಿರುವುತ್ತಿದ್ದರು. ಅಂಚಿಗೆ ಹತ್ತಿ ಕಂದಿದ ಹಾಲು ಸಕ್ಕರೆಯ ವಾಸನೆಗೆ ನಾವು ಹುಡುಗರು ಶಾಲೆಗೆ ತಡಮಾಡಿ ಪೆಟ್ಟು ತಿನ್ನುತ್ತಿದ್ದೆವು. ಅದೇ ವಾಸನೆ, ಒಂದಿಷ್ಟೂ ಬದಲಿಲ್ಲದೆ, ಆ ಗಾಜಿನೊಳಗೆ ಕೂತಿತ್ತು. ನಾನು ಬಂಡೆಯಿಂದ ಎದ್ದು ನಿಂತೆನಂತೆ. ಸಾಹೇಬ ಚಪ್ಪಾಳೆ ತಟ್ಟಿದ.

ಆಮೇಲೆ ಸ್ವಲ್ಪ ಸುಲಭವಾಯಿತು. ಇನಾಸನ ಹತ್ತಿರ ಎಲ್ಲಕ್ಕೂ ಒಂದು ಹೆಸರಿತ್ತು. ದ್ರಾಕ್ಷಾರಸದ ಹಳೆಯ ಪೀಪಾಯಿಯಲ್ಲಿಟ್ಟ ವಿಸ್ಕಿಗೆ ಕ್ರಿಸ್‌ಮಸ್ಸಿನ ಹೆಸರು: 'ನಾತಾಳ ಹಬ್ಬದ ಕೇಕು, ಉತ್ತತ್ತಿ'. ಹಗುರಾದದ್ದು 'ಬತ್ತದ ಹುಲ್ಲು, ಮಳಿ ಬಂದು ಬಿಟ್ಟ ಮರುದಿನ'. ನಮ್ಮ ದೇಶದ್ದು 'ಆಲೆಮನಿ ಹಿಂದಿನ ಗಟಾರ'. ಅದನ್ನೂ ಅವನು ತಿರಸ್ಕಾರದಿಂದ ಹೇಳುತ್ತಿರಲಿಲ್ಲ, ಗಟಾರದಲ್ಲೂ ಬೆಲ್ಲ ಇರುತ್ತದೆ ಎನ್ನುತ್ತಿದ್ದ. ಕೊನೆಯದು ಹೊಗೆಯ ವಿಸ್ಕಿ. ಅದನ್ನು ಮೊದಲ ಸಲ ಮೂಸಿದಾಗ ನನಗೆ ಧಾರವಾಡದ ದವಾಖಾನೆ ನೆನಪಾಯಿತು: ಒಡೆದ ಮಂಡಿ, ಹತ್ತಿಯ ಉಂಡೆ, ಟಿಂಕ್ಚರು. ಇದನ್ನು ಕುಡಿಯುವವರು ಯಾರು ಎಂದೆ.

"ಅವರ ದೇಶದಾಗ ಮಣ್ಣು ಸುಡತಾರಂತ್ರೀ," ಎಂದ ಇನಾಸ. "ಜೌಗಿನ ಮಣ್ಣು. ಆ ಹೊಗಿ ಕಾಳಿಗೆ ಕುಡಸತಾರ. ನಂಗರ ನಮ್ಮವ್ವನ ಒಲಿ ನೆಪ್ಪಾಗತೈತಿ. ಮಳಿಗಾಲಕ್ಕ ಒಲಿ ಮ್ಯಾಲಿನ ಅಟ್ಟದಾಗ ಮೀನ ತೂಗ ಹಾಕ್ತಿದ್ಳು. ನಿಮಗ ದವಾಖಾನಿ, ನಂಗ ಊಟ."

ಅವನು ಹಾಗೆಂದ ಮೇಲೆ ನನಗೂ ಅದು ಹಿಡಿಸತೊಡಗಿತು. ಮೊದಲು ಟಿಂಕ್ಚರು, ಅದರ ಹಿಂದೆ ಹೊಗೆ, ಹೊಗೆಯ ಹಿಂದೆ ಉಪ್ಪು, ಎಲ್ಲಕ್ಕಿಂತ ಕೊನೆಗೆ, ನುಂಗಿದ ಎಷ್ಟೋ ಹೊತ್ತಿನ ಮೇಲೆ, ಒಂದು ಎಳೆ ಸಿಹಿ. ನಾನು ಇದನ್ನು ಕ್ರಮವಾಗಿ ಬರೆದಿಟ್ಟುಕೊಂಡೆ. ಬರೆದಿಡದೆ ನನಗೆ ರುಚಿಯೂ ಹತ್ತುವುದಿಲ್ಲ.

ಯಂತ್ರ ನಡೆಯಿತು, ಸಾಹೇಬ ಹೊರಟ. ನನಗೆ ಈ ಲೋಟ ಕೊಟ್ಟ. ಸಾವಕಾರರಿಗೆ ಉಳಿದಿದ್ದ ಹೊಗೆಯ ವಿಸ್ಕಿಯ ಬಾಟಲಿ ಕೊಟ್ಟ. ಮುಚ್ಚಳ ತೆಗೆದದ್ದು, ಮುಕ್ಕಾಲು ಇತ್ತು. ಸಾವಕಾರರು ಅದನ್ನು ಮೂಸಲೂ ಇಲ್ಲ. ಬಂಗಲೆಯ ಕಪಾಟಿನಲ್ಲಿಟ್ಟು, ದೊಡ್ಡ ಮಂದಿ ಬಂದಾಗ ತೆಗೆಯೋಣ ಎಂದರು. ಕಪಾಟಿಗೆ ಕೀಲಿ ಇರಲಿಲ್ಲ. ಇನಾಸ ಇದ್ದನಲ್ಲ, ಕೀಲಿ ಯಾಕೆ?

ದೊಡ್ಡ ಮಂದಿ ಬಂದದ್ದು ಮೂರು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ. ನಾನು ಅಲ್ಲಿರಲಿಲ್ಲ, ಆದ್ದರಿಂದ ಅಲ್ಲಿ ನಡೆದದ್ದನ್ನು ಕಂಡವನಂತೆ ಹೇಳುವುದಿಲ್ಲ. ಮರುದಿನ ಮುಂಜಾನೆ ಸಾವಕಾರರು ಜೀಪು ಕಳಿಸಿ ನನ್ನನ್ನು ಕರೆಸಿದರು. ಬಂಗಲೆಯ ಪಡಸಾಲೆಯಲ್ಲಿ ಅವರು ಕುರ್ಚಿಯ ಮೇಲೆ, ಇನಾಸ ಕಂಬದ ಹತ್ತಿರ ನಿಂತು, ನಡುವೆ ಸ್ಟೂಲಿನ ಮೇಲೆ ಆ ಬಾಟಲಿ.

"ನನ್ನ ಮಾನ ಹೋತ್ರೀ ನಿನ್ನೆ," ಎಂದರು ಸಾವಕಾರರು. "ವಿಲಾಯತಿ ಮಾಲು ಅಂತ ಹೇಳಿ ಹೇಳಿ ಸುರುವಿದೆ. ಬಂದವರು ಮೂಗು ಮುಚ್ಚಿಕೊಂಡು, ಏನ್ ಸಾವಕಾರ್ರ, ಗಾಯಕ್ಕ ಹಚ್ಚೂದು ಕುಡಸ್ತೀರೇನು ಅಂದ್ರು. ಇಂವಾ ಅಸಲಿಂದು ಕುಡದು ದವಾಖಾನಿ ಟಿಂಕ್ಚರು ತುಂಬ್ಯಾನ. ಕಾಡಿನ ಜನಾ, ಇವರಿಗೆ ಕಪಾಟ ಬಿಟ್ಟಿದ್ದ ನಂದ ತಪ್ಪು. ನೀವು ಸಾಹೇಬನ ಕೂಡ ಕುಡದವರು, ಮ್ಯಾಲ ಲ್ಯಾಬಿನವರು. ಮೂಸಿ ನೋಡಿ ಹೇಳ್ರಿ. ನೀವು ಹೇಳಿದ ಮ್ಯಾಲ ನೌಕರಿ ಬಿಡಸೂದೋ, ಠಾಣೆಗೆ ಕೊಡೂದೋ ನೋಡತೇನಿ."

ಮೂಸಿದೆ. ಬಾಯಿ ಸ್ವಲ್ಪ ತೆರೆದು, ಇನಾಸ ಕಲಿಸಿದಂತೆಯೇ. ಟಿಂಕ್ಚರು, ಹೊಗೆ, ಉಪ್ಪು. ಒಂದು ಗುಟುಕು ಕುಡಿದು ಕಾದೆ. ಸಿಹಿ ಬಂತು.

"ಇದು ಅಸಲಿಂದ ಐತ್ರಿ ಸಾವಕಾರ್ರ. ಈ ಜಾತಿ ವಿಸ್ಕಿನ ಹಿಂಗ ಇರತೈತಿ. ಅವರು ಮಣ್ಣು ಸುಟ್ಟು ಹೊಗಿ ಕೊಡತಾರ."

"ಮಣ್ಣು ಸುಟ್ಟಿದ್ದನ್ನ ಯಾರರ ಕುಡೀತಾರೇನ್ರೀ?"

"ಕುಡೀತಾರ್ರೀ. ನಾನೂ ಕುಡದೇನಿ."

ಅವರು ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. ಅತಿಥಿಗಳ ಮುಂದೆ ತಮಗೆ ವಿಸ್ಕಿ ತಿಳಿಯಲಿಲ್ಲ ಎಂಬ ಮಾತನ್ನು ನುಂಗುವುದಕ್ಕಿಂತ ಟಿಂಕ್ಚರು ನುಂಗುವುದೇ ಅವರಿಗೆ ಸುಲಭವಿತ್ತು. "ಆತು," ಎಂದರು. "ಹಂಗಾದ್ರ ಇದರಾಗ ಒಂದು ಹನೀನೂ ಬೆರಸಿಲ್ಲ, ಒಂದು ಹನೀನೂ ತಗದಿಲ್ಲ ಅಂತ ಆಣಿ ಮಾಡಿ ಹೇಳ್ರಿ. ಮುಗೀತು."

ಇನಾಸ ನನ್ನನ್ನೇ ನೋಡುತ್ತಿದ್ದ. ಗಾಬರಿಯಿಂದಲ್ಲ, ಬಂಡೆಯ ಮೇಲೆ ಗಾಜು ಕೊಟ್ಟು ಉತ್ತರಕ್ಕೆ ಕಾಯುವವನ ಹಾಗೆ, ನನಗೆ ಉತ್ತರ ಬರುತ್ತದೆಂಬ ನಂಬಿಕೆಯಿಂದ. ನಾನು ಯೋಚಿಸಿದೆ. ಒಂದು ಹನಿ ಎಂದರೆ ಎಷ್ಟು? ಮುಕ್ಕಾಲು ಬಾಟಲಿಯಲ್ಲಿ ಒಂದು ಹನಿ ನೀರು ಬಿದ್ದರೆ ನನ್ನ ಮೂಗಿಗೆ ತಿಳಿಯುತ್ತದೆಯೇ? ತಿಳಿಯುವುದಿಲ್ಲ. ಬಾಟಲಿ ಎಷ್ಟಿತ್ತೆಂದು ಅಳೆದಿದ್ದೆನೇ? ಇಲ್ಲ, ಕಣ್ಣಂದಾಜು.

"ಒಂದು ಹನಿ ಅಂದ್ರ," ಎಂದೆ, "ಅಷ್ಟು ಖಾತ್ರಿಲೆ ಹೇಳಾಕ ಬರೂದಿಲ್ರೀ."

ಸಾವಕಾರರು ತೊಡೆ ತಟ್ಟಿಕೊಂಡು ಎದ್ದರು. "ಕೇಳಿದೇನಲೇ? ನಿನ್ನ ದೋಸ್ತನ ಹೇಳಿದ ನೋಡು. ಖಾತ್ರಿ ಇಲ್ಲಂತ!"

ಅದರ ಮುಂದೆ ನಾನು ಆಡಿದ ಮಾತುಗಳು ಬಹಳ ಇವೆ. ಹಾಗಲ್ಲ, ನನ್ನ ಅರ್ಥ ಅದಲ್ಲ, ಪ್ರಯೋಗಶಾಲೆಯಲ್ಲೂ ನಾವು ಯಾವುದನ್ನೂ ಪೂರ್ತಿ ಹೇಳುವುದಿಲ್ಲ ಎಂದೆಲ್ಲ. ಯಾರೂ ಕೇಳಿಸಿಕೊಳ್ಳಲಿಲ್ಲ. ಇನಾಸ ಒಳಗೆ ಹೋಗಿ ತನ್ನ ಬಟ್ಟೆಯ ಗಂಟು ತಂದ. ಅಡುಗೆಮನೆಯ ಒಲೆ ಆರಿಸಿ ಬಂದೆ ಎಂದು ಸಾವಕಾರರಿಗೆ ಹೇಳಿದ. ಗಂಟು ಹೆಗಲಿಗೇರಿಸಿ ನನ್ನ ಪಕ್ಕದಿಂದಲೇ ಮೆಟ್ಟಿಲಿಳಿದ.

ಮಧ್ಯಾಹ್ನ ಗಿರಣಿಯಲ್ಲಿ ತಿರುಳು ತೂಗುವಾಗ ಮೂರು ಸಲ ಅಂಕಿ ತಪ್ಪಾಯಿತು. ರಜೆ ಹಾಕಿ ಮತ್ತೆ ಬಂಗಲೆಗೆ ಹೋದೆ. "ಇನಾಸ ಕದ್ದಿಲ್ರೀ" ಎಂದೆ. "ಮುಂಜಾನೆ ಯಾಕ ಹೇಳಲಿಲ್ಲ?" ಎಂದರು ಸಾವಕಾರರು. ಒಂದು ಗಂಟೆ ಕೂತು ಕಾಡಿದ್ದಕ್ಕೆ, ಠಾಣೆಗೆ ಹೋಗುವುದಿಲ್ಲ ಎಂದು ಒಪ್ಪಿದರು. ಕೆಲಸಕ್ಕೆ ಮಾತ್ರ ಆಗಲೇ ಬೇರೆಯವನಿಗೆ ಹೇಳಿ ಕಳಿಸಿದ್ದರು. ಹೊರಡುವಾಗ ಬಾಟಲಿಯನ್ನು ನನ್ನ ಕೈಗೇ ಇಟ್ಟರು. "ನಿಮಗ ರುಚಿ ಹತ್ತೈತಲ್ಲ, ನೀವ ಒಯ್ಯಿರಿ. ಮನ್ಯಾಗ ಇಟ್ರ ನನಗ ಸಿಟ್ಟು ಬರತೈತಿ." ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಇನಾಸನಿಗೆ ಕೊಟ್ಟರೆ ಒಂದು ಬಗೆಯ ನ್ಯಾಯವಾದೀತು ಎಂದು ಹೊಳೆಯಿತು. ನನ್ನ ಜೀವಮಾನದಲ್ಲಿ ಹೊಳೆದ ವಿಚಾರಗಳಲ್ಲೆಲ್ಲ ಇಷ್ಟು ದಡ್ಡತನದ್ದು ಇನ್ನೊಂದಿಲ್ಲ.

ಮುಂದಿನ ಭಾನುವಾರ ಹಳಿಯಾಳದಾಚೆಯ ರಸ್ತೆಯವರೆಗೆ ಬಸ್ಸು, ಅಲ್ಲಿಂದ ಇನಾಸನ ಹಳ್ಳಿಗೆ ನಡಿಗೆ. ಇನಾಸ ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ. ಅವನ ಹೆಂಡತಿ ರೋಜಾ ಚಾಪೆ ಹಾಸಿ ನೀರು ಕೊಟ್ಟಳು. ನಾನು ಏನು ಹೇಳಬೇಕೆಂದು ತಿಳಿಯದೆ ಚೀಲದಿಂದ ಬಾಟಲಿ ತೆಗೆದು ಅವನ ಮುಂದಿಟ್ಟೆ.

ಇನಾಸ ಕತ್ತಿ ಕೆಳಗಿಟ್ಟ. ಬಾಟಲಿಯನ್ನು ಬಹಳ ಹೊತ್ತು ನೋಡಿ ನಕ್ಕ. "ಲ್ಯಾಬ್ ಸಾಯೇಬ್ರ, ಅವತ್ತ ಸಾಕ್ಷಿ ಹೇಳಿದ್ರಿ. ಇವತ್ತ ಕಳವಿನ ಮುದ್ದೆಮಾಲು ಸೈತ ಮನಿಗೆ ಮುಟ್ಟಸಾಕ ಬಂದ್ರೇನ್ರೀ?"

ನನಗೆ ತಿಳಿಯಲಿಲ್ಲ. ರೋಜಾಳಿಗೆ ತಿಳಿದಿತ್ತು. "ಮೊದಲ ಚೀಲದಾಗ ಹಾಕ್ರೀ ಅದನ್ನ! ಯಾರರ ನೋಡಿದ್ರ? ಕಳವು ಮಾಡಿದ ಬಾಟ್ಲಿ ಸಿದ್ದಿ ಮನ್ಯಾಗ ಸಿಕ್ತು ಅಂತಾರ. ಆಮ್ಯಾಲೆ ನೀವು ಹೇಳಿದ್ರೂ ಯಾರೂ ಕೇಳೂದಿಲ್ಲ. ಹೇಳಾಕ ನಿಮಗ ಖಾತ್ರೀನೂ ಇರೂದಿಲ್ಲ."

ಚೀಲದಲ್ಲಿ ಹಾಕಿದೆ. "ಇನಾಸ, ನಾ ಸುಳ್ಳು ಹೇಳಲಿಲ್ಲ" ಎಂದೆ.

"ಸುಳ್ಳು ಅಂತ ಯಾರಂದ್ರು? ಖರೇನ ಹೇಳಿದ್ರಿ. ಆದರ ಅವರು ಕೇಳಿದ್ದು ಬಾಟ್ಲಿ ಸುದ್ದಿ ಅಲ್ರೀ. ನನ್ನ ಸುದ್ದಿ. ನೀವು ಬಾಟ್ಲಿ ಸುದ್ದಿ ಹೇಳಿ ಕುಂತ್ರಿ."

ಅವನು ಕತ್ತಿ ಎತ್ತಿಕೊಂಡು ಇನ್ನೊಂದು ಬಿದಿರು ಸೀಳಿದ. ಆಮೇಲೆ ಅವನೇ, ಮುಂಡಗೋಡದ ಕಡೆ ಅತ್ತಿವೇರಿಯಲ್ಲಿ ಒಂದು ಕಾಮಗಾರಿಯ ಕ್ಯಾಂಪಿಗೆ ಅಡುಗೆಯವ ಬೇಕಾಗಿದ್ದಾನೆ, ಆದರೆ ಬಂಗಲೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆ, ಇಂಗ್ಲಿಷ್ ಬಲ್ಲವರ ಒಂದು ಚೀಟಿ ಇದ್ದರೆ ಆದೀತು ಎಂದ. "ಕನ್ನಡದಾಗ ಬರೀರಿ. ನಂಗೂ ತಿಳೀಲಿ."

ಚೀಲದಿಂದ ಹಾಳೆ ತೆಗೆದು ಬರೆದೆ. ಇನಾಸನಿಗೆ ಓದಲು ಬಾರದು. "ಓದ್ರಿ" ಎಂದ. ಓದಿದೆ: "ಈತನು ಬಂಗಲೆಯ ಯಾವ ವಸ್ತುವನ್ನೂ ಕದ್ದಿಲ್ಲವೆಂದು, ನನ್ನ ತಿಳಿವಳಿಕೆಯ ಮಟ್ಟಿಗೆ..."

"ಅದೇನದು ಮಟ್ಟಿಗೆ?"

"ಹಂಗ ಬರಿಯೂದು ಪದ್ಧತಿ, ಇನಾಸ."

"ನಿಮ್ಮ ತಿಳಿವಳಿಕಿ ಎಷ್ಟ ಮಟ್ಟ ಐತಿ ಅಂತ ಅತ್ತಿವೇರಿಯವರಿಗೆ ಹೆಂಗ ಗೊತ್ತಾಗಬೇಕ್ರೀ? ತಗೀರಿ ಅದನ್ನ."

ಹೊಡೆದು ಹಾಕಿದೆ. ರೋಜಾ ಬಗ್ಗಿ ನೋಡಿ, "ಗೀಚಿದ ಕಾಗದಾ ಕೊಟ್ರ ಯಾರ ನಂಬತಾರ? ಬ್ಯಾರೆ ಬರೀರಿ" ಎಂದಳು.

ಅವನಿಗೆ ಆ ಕೆಲಸ ಸಿಕ್ಕಿತೇ ಎಂದು ನೀವು ಕೇಳುವಿರಿ. ಸಿಕ್ಕಿತು, ಕ್ಯಾಂಪು ಎದ್ದುಹೋಗುವತನಕ ಇದ್ದ. ಬಾಟಲಿ ನನ್ನ ಜೊತೆ ಬಸ್ಸಿನಲ್ಲಿ ಹಿಂದಕ್ಕೆ ಬಂತು. ಹೆಂಡತಿ ಮೂಸಿ ನೋಡಿ, ಔಷಧವೆಂದೇ ತಿಳಿದು, ಎರಡು ತಿಂಗಳು ಮಂಡಿಗೆ ಹಚ್ಚಿ ಮುಗಿಸಿದಳು. ಗುಣ ಕಂಡಿತು ಎನ್ನುತ್ತಾಳೆ. ನಾನು ಆಮೇಲೆ ವಿಸ್ಕಿ ಕುಡಿಯಲಿಲ್ಲ. ವ್ರತವೇನಲ್ಲ, ಹೇಳಿಕೊಡುವವರು ಇರಲಿಲ್ಲ.

ಆ ದಿನ ಅಂಗಳದಲ್ಲಿ ರೋಜಾ ಹೇಳಿದಂತೆ ಎರಡನೆಯ ಹಾಳೆ ತೆಗೆದುಕೊಂಡೆ. ಎಷ್ಟು ಹೊತ್ತು ಹಿಡಿಯಿತೆಂದರೆ, ದೂರದಲ್ಲಿ ಬಸ್ಸು ಹಾರನ್ನು ಹೊಡೆದು ನನ್ನನ್ನು ಬಿಟ್ಟು ಹೋದದ್ದು ಕೇಳಿಸಿತು. ಬರೆದದ್ದು ಎರಡು ಸಾಲು. ಅಷ್ಟರಲ್ಲಿ ಆಚೀಚೆಯ ಮನೆಗಳಿಂದ ಐದಾರು ಜನ ಬಂದು ಬೇಲಿಯ ಹತ್ತಿರ ನಿಂತಿದ್ದರು.

"ಈಗ ಓದ್ರಿ," ಎಂದ ಇನಾಸ. "ಜೋರಲೆ ಓದ್ರಿ, ಅವರಿಗೂ ಕೇಳಲಿ."

ಎದ್ದು ನಿಂತೆ.

"ಇನಾಸ ಕದ್ದಿಲ್ಲ. ಏನನ್ನೂ ಬೆರೆಸಿಲ್ಲ."